ಸೇತುವೆ ಬಂತು, ಪಹಣಿ ಯಾವಾಗ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಾ ಇರೋ ಎಲ್ಲರಿಗೂ ಮಂಡಗದ್ದೆಯಿಂದ ಸ್ವಾಗತ. ನಮ್ಮೂರು ಅಂದ ತಕ್ಷಣ ತುಂಗೆಯ ನಡುವೆ ಇರೋ ಪಕ್ಷಿಧಾಮ ನೆನಪಾಗುತ್ತೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಅಲ್ಲಿ ಗೂಡು ಕಟ್ಟಿ ಮರಿ ಮಾಡ್ತವೆ, ಆಮೇಲೆ ಹಾರಿ ಹೋಗ್ತವೆ. ಅವುಗಳಿಗೆ ದ್ವೀಪ ಅಂದ್ರೆ ಒಂದು ಸೀಸನ್ ಅಷ್ಟೆ. ಇವತ್ತು ನಾನು ಹೇಳ್ತಿರೋದು ವರ್ಷಪೂರ್ತಿ ದ್ವೀಪದಲ್ಲೇ ಬದುಕಿದ ಮನುಷ್ಯರ ವಿಷಯ.

ಸಾಗರ ತಾಲ್ಲೂಕಿನ ತುಮರಿ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು. ಶರಾವತಿ ಹಿನ್ನೀರು ಗದ್ದೆ, ತೋಟ, ರಸ್ತೆ ಎಲ್ಲವನ್ನೂ ನುಂಗಿತು. ಎಷ್ಟೋ ಕುಟುಂಬಗಳು ಶಿವಮೊಗ್ಗದ ಸುತ್ತಲಿನ ಕಾಡುಗಳಿಗೆ ಬಂದವು. ಅಲ್ಲೇ ಉಳಿದವರ ಪಾಲಿಗೆ ಊರೇ ದ್ವೀಪ ಆಯ್ತು.

ಉಳಿದವರಲ್ಲಿ ಕೆಲವರು ಹಿನ್ನೀರಿಗೆ ಬಲೆ ಬಿಟ್ರು. ಮೊದಲ ಮಳೆಗೆ ಗದ್ದೆ ಬದುವಲ್ಲಿ ಕೂಣಿ ಇಟ್ಟು ಹತ್ತುಮೀನು ಹಿಡಿಯೋದು ಮಲೆನಾಡಿಗೆ ಹೊಸದಲ್ಲ. ಆದ್ರೆ ಆಳದ ನೀರಲ್ಲಿ ದೋಣಿ ಹಾಕೋದು ಬೇರೇನೇ ಕೆಲಸ. ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನ ಅಡಿಯಲ್ಲಿವೆ. ಬಲೆ ಅದಕ್ಕೆ ಸಿಕ್ಕಿದ್ರೆ ಹರಿದೇ ಹೋಗುತ್ತೆ. ಇನ್ನು ಸಿಕ್ಕ ಮೀನು ಪೇಟೆ ಮುಟ್ಟಬೇಕು ಅಂದ್ರೆ ಲಾಂಚ್ ಸಿಗಬೇಕು. ನಾನು ಓದಿದ್ದು ಬಿಕಾಂ. ಬೇಗ ಕೆಡೋ ಸರಕು ಇಟ್ಕೊಂಡು ಗಾಡಿಗೆ ಕಾಯೋನು ಬೆಲೆ ಕೇಳೋ ಹಾಗಿಲ್ಲ, ಕೊಟ್ಟಷ್ಟು ತಗೋಬೇಕು. ಇದನ್ನ ಅರ್ಥ ಮಾಡ್ಕೊಳ್ಳೋಕೆ ಪುಸ್ತಕ ಬೇಕಾಗಿಲ್ಲ.

ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸಂಜೆ ಆದ್ಮೇಲೆ ಲಾಂಚ್ ಇರ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ, ಹೊಸನಗರದ ಕಡೆಯಿಂದ ಸುತ್ತಿ ಹೋಗಬೇಕು. ಶರಾವತಿಯ ಒಂದು ವಿದ್ಯುದಾಗಾರದ ಸಾಮರ್ಥ್ಯವೇ 1,035 ಮೆಗಾವಾಟ್. ನಾಡಿಗೆಲ್ಲ ಕರೆಂಟ್ ಕೊಟ್ಟ ನದಿಯ ದಡದವರಿಗೆ ಒಂದು ಆಂಬುಲೆನ್ಸ್ ದಾಟೋ ದಾರಿ ಸಿಗೋಕೆ ಅರವತ್ತೊಂದು ವರ್ಷ ಬೇಕಾಯ್ತು. ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ನಾ. ಡಿಸೋಜ ಅವರು ‘ದ್ವೀಪ’ ಕಾದಂಬರಿಯಲ್ಲಿ ಮುಳುಗಡೆಯ ಸಂಕಟ ಬರೆದಿದ್ದರು. ಅದೇ ವರ್ಷ ಜನವರಿಯಲ್ಲಿ ಅವರು ತೀರಿಕೊಂಡರು. ಸೇತುವೆ ನೋಡಲಿಲ್ಲ.

ಇಷ್ಟು ವರ್ಷ ಈ ಜನ ಯಾರನ್ನು ನಂಬಿ ಬದುಕಿದ್ರು? ಸಿಗಂದೂರು ಚೌಡೇಶ್ವರಿಯನ್ನ. ಆ ದೇವಿಯ ಮೂಲಸ್ಥಾನ ಸೀಗೆಕಣಿವೆಯೂ ಮುಳುಗಡೆ ಆಯ್ತು. ಅಂದ್ರೆ ಅಮ್ಮನೂ ಎದ್ದು ಬಂದವಳೇ. ಬಹುಶಃ ಅದಕ್ಕೇ ಜನಕ್ಕೆ ಅವಳು ಅಷ್ಟು ಹತ್ತಿರ. ನಮ್ಮ ಕಡೆ ಅಡಿಕೆ ತೋಟಗಳಲ್ಲಿ ಒಂದು ಬೋರ್ಡ್ ನೋಡಿರ್ತೀರಿ: ಸಿಗಂದೂರು ಅಮ್ಮನ ಕಾವಲಿದೆ ಅಂತ. ಕಳ್ಳ ಅದನ್ನ ನೋಡಿ ಹಿಂದೆ ಸರೀತಾನೆ ಅನ್ನೋ ನಂಬಿಕೆ.

ಆದ್ರೆ ಬ್ಯಾಂಕಿನವರು ಬೋರ್ಡ್ ನೋಡಿ ಬೆಳೆಸಾಲ ಕೊಡಲ್ಲ, ಪಹಣಿ ಕೇಳ್ತಾರೆ. ಎದ್ದು ಬಂದ ಎಷ್ಟೋ ಕುಟುಂಬಗಳಿಗೆ ಸಿಕ್ಕಿದ್ದು ಅರಣ್ಯ ಭೂಮಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಅದನ್ನ ಡಿನೋಟಿಫೈ ಮಾಡೋಕೆ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಅದಿಲ್ಲದೆ ಆದೇಶ ಮಾಡಿತು, 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ತಪ್ಪು ಫೈಲಿನದು, ಹೊರೆ ಮೂರನೇ ತಲೆಮಾರಿನ ಹೆಗಲ ಮೇಲೆ.

ಸೇತುವೆ ಮೇಲೆ ರೀಲ್ಸ್ ಮಾಡಿ, ಬೇಡ ಅನ್ನಲ್ಲ, ನೋಟ ಚೆನ್ನಾಗೇ ಇದೆ. ಆದ್ರೆ ಒಂದು ಕೆಲಸ ಮಾಡಿ. ಊರಿಗೆ ಹೋದಾಗ ಅಜ್ಜ-ಅಜ್ಜಿ ಹತ್ರ ಕೂತು ಕೇಳಿ: ನಮ್ಮ ಮೂಲ ಊರು ಯಾವ್ದು, ಎಷ್ಟು ಎಕರೆ ಹೋಯ್ತು, ಕಾಗದ ಏನಿದೆ. ಇರೋ ಕಾಗದನ್ನೆಲ್ಲ ಫೋನಲ್ಲಿ ಫೋಟೋ ತೆಗೆದು ಜೋಪಾನ ಮಾಡಿ. ನಾಳೆ ಗ್ರಾಮಸಭೆಯಲ್ಲಿ ಮಾತಾಡೋಕೆ ಅದು ಬೇಕಾಗುತ್ತೆ. ಮುಂದಿನ ವಾರ ಸಿಗೋಣ.