ಕುಡಿತ ಬಿಡುವವನಿಗೆ ಜೊತೆಗಾರ ಬೇಕು

(ದಬ್ಬೇಘಟ್ಟದಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪಶುವೈದ್ಯರು ಬಂದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಇವುಗಳ ಮಾತನ್ನೇ ಆಡುತ್ತಾರೆಂದು ತಾವು ಎಣಿಸಿರಬಹುದು. ಇಂದು ಕುಡಿತದ ವಿಷಯ ಹೇಳಬೇಕೆಂದಿದ್ದೇನೆ. ಇದು ಕೊಟ್ಟಿಗೆಗೆ ಸಂಬಂಧಪಡದ ಮಾತಲ್ಲ. ಯಜಮಾನ ಕುಡಿದು ಮಲಗಿದರೆ ಸಂಜೆ ಹಾಲು ಕರೆಯುವುದು ತಡವಾಗುತ್ತದೆ. ಬೆದೆ ಗಮನಿಸುವವರಿಲ್ಲದೆ ಇನ್ನೂ 21 ದಿನ ದಂಡವಾಗುತ್ತದೆ. ಹಾಲಿನ ಬಟವಾಡೆ ಹಿಂಡಿ ಬೂಸಕ್ಕೆ ಹೋಗದೆ ಅಂಗಡಿಗೆ ಹೋಗುತ್ತದೆ. ಹಿಂದೆಯೇ ಕೊಬ್ಬರಿ ಮಾರಿದ ಹಣ, ಕೊನೆಗೆ ಕರೆಯುವ ಹಸುವೂ ಸಂತೆಗೆ. ಈ ಹೊರೆ ಬೀಳುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ತಲೆಯ ಮೇಲೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಮಾಡುವ ಉಪಾಯ ಒಂದೇ, ದೇವರ ಮುಂದೆ ಆಣೆ ಮಾಡಿಸುವುದು. ಆಣೆ ಮಾಡಿದವನ ಮನಸ್ಸು ಸುಳ್ಳಲ್ಲ. ಆದರೆ ಹಬ್ಬವೋ ಜಗಳವೋ ಬಂದಾಗ ಅವನು ಒಂಟಿಯಾಗಿರುತ್ತಾನೆ. ಕೆಚ್ಚಲು ಬಾವಿಗೆ ಎರಡು ದಿನ ಔಷಧಿ ಕೊಟ್ಟು, ಹಾಲು ಬೆಳ್ಳಗಾಯಿತೆಂದು ನಿಲ್ಲಿಸಿದರೆ ಬಾವು ಮರಳಿ ಬರುವುದನ್ನು ತಾವೇ ಕಂಡಿದ್ದೀರಿ. ಕುಡಿತದ ಚಟವೂ ಕಾಯಿಲೆಯೇ. ಅದಕ್ಕೆ ಬಹುಕಾಲದ ಆರೈಕೆ ಬೇಕು.

ಮೊದಲು ಒಂದು ಎಚ್ಚರಿಕೆ. ಬಹಳ ವರ್ಷ ದಿನನಿತ್ಯ ಕುಡಿದವರು ದಿಢೀರನೆ ತಾವಾಗಿಯೇ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವುಂಟು. ಮನೆಯಲ್ಲಿ ಕೂಡಿಹಾಕುವುದು, ಅವರಿಗೆ ತಿಳಿಯದಂತೆ ಊಟದಲ್ಲಿ ಪುಡಿ ಬೆರೆಸುವುದು ಬೇಡ. ವೈದ್ಯರ ಬಳಿ ಕರೆದೊಯ್ಯಿರಿ.

ವೈದ್ಯರ ಚಿಕಿತ್ಸೆ ಮುಗಿದ ಮೇಲೆ ಬೇಕಾದದ್ದು ಜೊತೆಗಾರರು. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ಬಿಲ್ ಎಂಬ ಷೇರು ವ್ಯವಹಾರದವನು ಬಂದಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು, ಹೋಟೆಲಿನಲ್ಲಿ ಮದ್ಯದ ಆಸೆ ಕಾಡಿತು. ಆಗ ಅವನು ಹುಡುಕಿದ್ದು ಉಪದೇಶ ಮಾಡುವವರನ್ನಲ್ಲ, ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನನ್ನು. ಬಾಬ್ ಎಂಬ ಶಸ್ತ್ರವೈದ್ಯ ಸಿಕ್ಕಿದ. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಅದೇ ಜೂನ್ 10ರಂದು ಬಾಬ್ ಕೊನೆಯ ಸಲ ಕುಡಿದ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ 'ಎ.ಎ.', ಹುಟ್ಟಿದ್ದು ಹೀಗೆ ಇಬ್ಬರಿಂದ. ಇಂದಿಗೂ ಕುಡಿತ ಬಿಡಲೆಂದು ಇಬ್ಬರು ಮೂವರು ಕೂಡಿದರೆ ಅದೊಂದು ಗುಂಪು ಎನ್ನುವುದು ಅವರ ನಿಯಮ.

ಆ ಸಭೆಯಲ್ಲಿ ಏನು ನಡೆಯುತ್ತದೆ? ಭಯಪಡುವಂಥದ್ದೇನೂ ಇಲ್ಲ. ಸುಮಾರು ಒಂದು ಗಂಟೆ ಕುಳಿತು ಒಬ್ಬೊಬ್ಬರೇ ತಮ್ಮ ಅನುಭವ ಹೇಳುತ್ತಾರೆ. ಮಾತನಾಡಲು ಇಷ್ಟವಿಲ್ಲದವರು ಸುಮ್ಮನೆ ಕೇಳಬಹುದು. ಶುಲ್ಕವಿಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ. ಜಾತಿ, ಊರು ಕೇಳುವುದಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಮನೆಯವರಿಗೆಂದೇ 'ಅಲ್-ಅನಾನ್' ಎಂಬ ಬೇರೆ ಗುಂಪು ಇದೆ.

ಹುಡುಕುವುದು ಹೇಗೆ? ತುರುವೇಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ, ಸಮೀಪದ ಗುಂಪು ಯಾವುದೆಂದು ಅವರನ್ನೇ ಕೇಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆ ಬಲಿತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಬೆಂಗಳೂರಿನಲ್ಲಿ ಎ.ಎ. ಸಭೆಗಳು ಕನ್ನಡದಲ್ಲೂ ನಡೆಯುತ್ತವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು 'ನವಜೀವನ ಸಮಿತಿ' ಎಂದು ಸೇರುತ್ತಾರೆ. ಶಿಬಿರ ಎಂಟೇ ದಿನ. ಉಳಿದ ದಿನಗಳನ್ನು ಕಾಯುವುದು ಸಮಿತಿ. ಆದ್ದರಿಂದ ಶಿಬಿರದಿಂದ ಬಂದವರು ಸಮಿತಿಯ ಸಭೆ ತಪ್ಪಿಸಬೇಡಿ.

ಒಮ್ಮೆ ಹೋಗಿ ಹಿಡಿಸಲಿಲ್ಲವೆಂದು ಬಿಡಬೇಡಿ. ನಾಲ್ಕಾರು ಸಲ ಹೋಗಿ ನೋಡಿ. ನಡುವೆ ಎಡವಿ ಕುಡಿದರೂ ಮುಂದಿನ ಸಭೆಗೆ ಹೋಗಿ. ಎಡವಿದವನಿಗೇ ಅದರ ಅಗತ್ಯ ಹೆಚ್ಚು.

"ಸಾರ್, ಎರಡು ಹೊತ್ತು ಹಾಲು ಕರೆಯಬೇಕು, ಹೋಗುವುದು ಯಾವಾಗ?" ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇಲ್ಲಿಯೇ ಸಂಘದ ಸದಸ್ಯರ ಪಾತ್ರವಿದೆ. ಅವನು ಹೋದ ದಿನ ಪಕ್ಕದ ಮನೆಯವರು ಆ ಹಸುವಿನ ಹಾಲು ಕರೆದು ಡೇರಿಗೆ ಹಾಕಲಿ. ಹೆರಿಗೆಗೂ ಸಾವಿಗೂ ಹಾಗೆ ಮಾಡುತ್ತಲೇ ಬಂದಿದ್ದೇವೆ. ಎಲ್ಲಿಗೆ ಹೋದನೆಂದು ಹಾಲು ಹಾಕುವ ಸಾಲಿನಲ್ಲಿ ನಿಂತು ವಿಚಾರಣೆ ಮಾಡಬೇಡಿ. ಸಣ್ಣ ಊರಿನಲ್ಲಿ ಕುಡಿಯುವುದಕ್ಕಿಂತ ಬಿಡುವುದಕ್ಕೇ ನಾಚಿಕೆ ಹೆಚ್ಚು. "ಏನಪ್ಪಾ, ಸನ್ಯಾಸಿ ಆದೆಯಾ?" ಎನ್ನುವ ಒಂದು ತಮಾಷೆ ಮಾತು ತಿಂಗಳ ಶ್ರಮವನ್ನು ಹಾಳುಮಾಡಬಲ್ಲದು.

ಈ ಸುತ್ತಿನಲ್ಲಿ ಕುಡಿತ ಬಿಟ್ಟು ವರ್ಷಗಳಾದವರು ಇದ್ದರೆ, ಬಿಡಲು ಹೆಣಗುತ್ತಿರುವ ಒಬ್ಬರ ಮನೆಗೆ ಈ ವಾರ ಹೋಗಿ ಕುಳಿತು ಮಾತನಾಡಿ ಎಂದು ಕೈಮುಗಿದು ಕೇಳುತ್ತೇನೆ. ಇಬ್ಬರಾದರೆ ಸಾಕು, ದಬ್ಬೇಘಟ್ಟದಲ್ಲೇ ಒಂದು ಗುಂಪಾಯಿತು. ಸಂಜೆಯ ಹಾಲು ಅಳೆದಾದ ಮೇಲೆ ಸೇರಿದರೆ ಹಸುವಿಗೂ ತೊಂದರೆಯಿಲ್ಲ.