ಸಂಕಟಕಾಲದಲ್ಲಿ ಪಶ್ಚಾತ್ತಾಪ

ನಮ್ಮ ವಿದ್ಯಾರ್ಥಿಯೊಬ್ಬನು ಹಿಂದೊಮ್ಮೆ ತರಗತಿಯಲ್ಲಿ ಎದ್ದುನಿಂತು ಕೇಳಿದನು: “ಸಾರ್, ಕಷ್ಟ ಬಂದಾಗಲೆಲ್ಲ ಪಶ್ಚಾತ್ತಾಪಪಡಿರಿ, ದೇವರನ್ನು ನಂಬಿರಿ ಎಂದು ಕ್ರೈಸ್ತಧರ್ಮ ಕರೆಯುತ್ತದೆ. ಹಸಿದು ಬಿದ್ದವನಿಗೆ ಹೀಗೆ ಹೇಳಿದರೆ ಗಾಯದ ಮೇಲೆ ಬರೆ ಎಳೆದಂತಾಗುವುದಿಲ್ಲವೆ?” ಆ ದಿನ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಯನ್ನು ಕೊಡಲಿಲ್ಲ, ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಈ ಹೊತ್ತಿನ ಭಾಷಣ ಅದಕ್ಕೆ ತಡವಾಗಿ ಸಲ್ಲುವ ಉತ್ತರವೆಂದು ಕೇಳುಗರು ಭಾವಿಸಬೇಕು.

ಮೊದಲು ಮಾತಿನ ಅರ್ಥವನ್ನು ನೋಡೋಣ. ಪಶ್ಚಾತ್ತಾಪವೆಂದರೆ ಆಮೇಲೆ ಹುಟ್ಟುವ ತಾಪ, ಮಾಡಿದ್ದಕ್ಕಾಗಿ ಮನಸ್ಸು ಬೇಯುವುದು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಕೈಕೊಂಡ ಸತ್ಯವೇದದ ಕನ್ನಡ ಭಾಷಾಂತರ 1831ರ ಹೊತ್ತಿಗೆ ಮುಗಿಯಿತು. ಅಂದಿನಿಂದ ಅದು ಹಲವು ಸಲ ಪರಿಷ್ಕಾರಗೊಂಡಿದೆ. ಕನ್ನಡ ಕ್ರೈಸ್ತರ ಬಳಕೆಯಲ್ಲಿ ಪಶ್ಚಾತ್ತಾಪದ ಜೊತೆಗೆ ಇನ್ನೂ ಎರಡು ಮಾತುಗಳುಂಟು: ‘ಮಾನಸಾಂತರ’ ಒಂದು, ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಇನ್ನೊಂದು. ಮೊದಲನೆಯದು ಗ್ರೀಕರ ‘ಮೆತನೋಯ’ ಎಂಬ ಪದಕ್ಕೆ ಸರಿಹೊಂದುತ್ತದೆ. ಅದರ ಅರ್ಥ ಮನಸ್ಸಿನ ಬದಲಾವಣೆ. ಎರಡನೆಯದು ಹೀಬ್ರೂ ಪ್ರವಾದಿಗಳ ಮಾತಿಗೆ ಸಮೀಪವಾದುದು. ಅವರು ಬಳಸಿದ್ದು ದಾರಿ ತಪ್ಪಿದವನು ಹಿಂದಿರುಗುವುದನ್ನು ಹೇಳುವ ಸಾಮಾನ್ಯ ಕ್ರಿಯಾಪದ. ಮನಸ್ಸು ಬೆಂದರೆ ಸಾಲದು, ಕಾಲು ತಿರುಗಬೇಕು. ಕಣ್ಣೀರಿಟ್ಟು ಅದೇ ದಾರಿಯಲ್ಲಿಯೇ ಮುಂದೆ ನಡೆದವನನ್ನು ತಿರುಗಿದವನೆನ್ನಲಾಗದು.

ಈಗ ನಮ್ಮ ನಾಡಿನ ಒಂದು ಸಂಕಟವನ್ನು ಎದುರಿಗಿಟ್ಟುಕೊಂಡು ಈ ಕರೆಯನ್ನು ಪರೀಕ್ಷಿಸೋಣ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಾಳುಮಾಡಿದ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದರು. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಮುಂಗಾರೂ ಹಾಗೆಯೇ ಆಯಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆ ಕೆರೆಯನ್ನೂ ರಾಗಿಯ ಹೊಲವನ್ನೂ ನಂಬಿದ ನೆಲ. ಕೆರೆ ಬತ್ತಿದರೆ ಅಲ್ಲಿ ಬೇರೆ ಆಸರೆಯಿರಲಿಲ್ಲ. ರೈಲಿನ ಮೂಲಕ ಬೆಂಗಳೂರಿಗೆ ಧಾನ್ಯ ಬರುತ್ತಿತ್ತು; ಅಲ್ಲಿಂದಾಚೆಗೆ ಗಾಡಿಯಲ್ಲಿ ಸಾಗಿಸೋಣವೆಂದರೆ ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದುವು. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, ಎಣಿಸಿದಾಗ 41,86,188. ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕೊರತೆ. ಹುಟ್ಟಿ ಬೆಳೆದು ಹೆಚ್ಚಬೇಕಾಗಿದ್ದವರನ್ನು ಇದರಲ್ಲಿ ಲೆಕ್ಕಹಿಡಿದಿಲ್ಲ.

ಇಷ್ಟು ಜನ ಯಾರ ಪಾಪಕ್ಕಾಗಿ ಸತ್ತರು? ಈ ಪ್ರಶ್ನೆ ಹಳೆಯದು. ಯೆರೂಸಲೇಮಿನ ಸಿಲೊವಾಮಿನಲ್ಲಿ ಒಂದು ಬುರುಜು ಬಿದ್ದು 18 ಮಂದಿ ಸತ್ತ ಸಂಗತಿಯನ್ನು ಲೂಕನ ಸುವಾರ್ತೆ ಹೇಳುತ್ತದೆ. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೋ ಎಂಬ ಮಾತನ್ನು ಯೇಸುವೇ ಎತ್ತಿಕೊಂಡು, ಹಾಗಲ್ಲವೆಂದು ಸ್ಪಷ್ಟವಾಗಿ ನಿರಾಕರಿಸಿದನು. ಅಷ್ಟಕ್ಕೇ ನಿಲ್ಲಿಸದೆ, ಎದುರಿಗೆ ನಿಂತು ಕೇಳುತ್ತಿದ್ದವರಿಗೆ ನೀವು ತಿರುಗಿಕೊಳ್ಳಿರಿ ಎಂದು ಎಚ್ಚರಿಕೆ ಕೊಟ್ಟನು. ಆ ಕರೆ ಯಾರಿಗೆ ಸಂದಿತು ಎಂಬುದನ್ನು ಕೇಳುಗರು ಗಮನಿಸಬೇಕು. ಅದು ಬುರುಜಿನ ಕೆಳಗೆ ಸಿಕ್ಕಿದವರಿಗಲ್ಲ. ಬದುಕಿ ಉಳಿದು, ಸತ್ತವರ ಗುಣದೋಷಗಳನ್ನು ತೂಗುತ್ತ ನಿಂತವರಿಗೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಸಂಕಟಕಾಲದಲ್ಲಿ ಪಶ್ಚಾತ್ತಾಪದ ಕರೆ ಮೊದಲು ತಲುಪಬೇಕಾದುದು ಉಳಿದವನ ಬಾಗಿಲಿಗೆ. ಅದನ್ನು ನೊಂದವನ ತಲೆಯ ಮೇಲೆ ಹೊರಿಸುವವನು ಸುವಾರ್ತೆಯನ್ನು ತಲೆಕೆಳಗುಮಾಡಿದಂತೆಯೇ ಸರಿ.

ನಮ್ಮ ಸೀಮೆಯ ಒಂದು ಹಳೆಯ ರೂಢಿಯಿಂದ ಇದನ್ನು ವಿಶದಪಡಿಸಬಹುದು. ಹಿಂದೆ ರಾಗಿಯನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹಗೇವೆಂದರೆ ಗಟ್ಟಿನೆಲದಲ್ಲಿ ತೋಡಿದ ಕಣಜ. ಬಾಯಿ ಕಿರಿದು, ಒಡಲು ಹಿರಿದು. ಬಾಯನ್ನು ಭದ್ರವಾಗಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ಹಲವು ವರ್ಷ ಕೆಡದೆ ಇರುತ್ತಿತ್ತು. ಹೀಗೆ ಕೂಡಿಡುವುದು ವಿವೇಕ. ಅದರಲ್ಲಿ ದೇವರ ಮೇಲಣ ಅಪನಂಬಿಕೆಯೇನೂ ಇಲ್ಲ. ಆದರೆ ಬಹುಕಾಲ ಮುಚ್ಚಿದ್ದ ಹಗೇವನ್ನು ತೆರೆದ ಕೂಡಲೆ ಯಾರೂ ಒಳಕ್ಕೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವನ ಉಸಿರು ಕಟ್ಟುತ್ತದೆ. ಬಾಯಿ ತೆರೆದು ಹೊರಗಿನ ಗಾಳಿ ಆಡಲು ಬಿಟ್ಟು, ಆಮೇಲೆ ಇಳಿಯಬೇಕು. ನೆರೆಯವನು ಹಸಿದಿರುವಾಗ ಮುಚ್ಚಿಯೇ ಇರುವ ಮನಸ್ಸಿನ ಸ್ಥಿತಿಯೂ ಹೀಗೆಯೇ. ಕಾಳೇನೋ ಕೆಟ್ಟಿರಲಾರದು, ಒಡೆಯನಿಗೆ ಮಾತ್ರ ಅಲ್ಲಿ ಉಸಿರಾಡುವಂತಿಲ್ಲ.

ಜಕ್ಕಾಯನೆಂಬ ಸುಂಕದ ಅಧಿಕಾರಿಯ ಕಥೆಯನ್ನು ನೆನೆಯೋಣ. ಯೇಸು ತನ್ನ ಮನೆಗೆ ಬಂದ ದಿನ ಅವನು ಎದೆ ಬಡಿದುಕೊಂಡನೆಂದು ಸುವಾರ್ತೆ ಹೇಳುವುದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಅವನು ಹೇಳಿದನು. ಅವನ ಪಶ್ಚಾತ್ತಾಪ ಲೆಕ್ಕದ ಪುಸ್ತಕದಲ್ಲಿ ಕಾಣಿಸಿತು. ರಾಜ್ಯಗಳೂ ಒಮ್ಮೊಮ್ಮೆ ಹೀಗೆ ತಿರುಗಿಕೊಳ್ಳುವುದುಂಟು. ಧಾತು ಈಶ್ವರದ ಬರ ಕಳೆದ ಮೇಲೆ 1880ರ ಕ್ಷಾಮ ಕಮಿಷನ್ನು ವರದಿಯನ್ನು ಸಲ್ಲಿಸಿತು. ಬರ ಬಂದಾಗ ಸರ್ಕಾರ ಯಾವಾಗ, ಹೇಗೆ ಜನರಿಗೆ ಕೆಲಸವನ್ನೂ ಅನ್ನವನ್ನೂ ಒದಗಿಸಬೇಕೆಂಬ ನಿಬಂಧನೆಗಳು ಅದರಿಂದ ಹುಟ್ಟಿದುವು. ಸತ್ತವರು ಅದರಿಂದ ಬದುಕಿ ಬರಲಿಲ್ಲ. ಆದರೂ ತಪ್ಪನ್ನು ಬರೆದಿಟ್ಟು ನಡತೆಯನ್ನು ಬದಲಾಯಿಸುವುದು ಬರಿಯ ವಿಷಾದಕ್ಕಿಂತ ಮೇಲು.

ಇಲ್ಲಿ ಒಂದು ಕಹಿಯಾದ ಮಾತನ್ನೂ ಮರೆಮಾಚದೆ ಹೇಳಬೇಕು. ಆ ಬರದಲ್ಲಿ ಕ್ರೈಸ್ತ ಮಿಷನ್ನುಗಳು ತಬ್ಬಲಿ ಮಕ್ಕಳಿಗಾಗಿ ಅನಾಥಾಲಯಗಳನ್ನು ತೆರೆದು ಅನೇಕರ ಪ್ರಾಣವನ್ನು ಉಳಿಸಿದುವು. ಗಂಜಿಯ ಜೊತೆಗೆ ಮತವನ್ನೂ ಬಡಿಸಿದರೆಂಬ ಆಕ್ಷೇಪಣೆಯೂ ಅಂದಿನಿಂದ ಇದೆ. ಎರಡನ್ನೂ ನಾವು ಕೇಳಿಸಿಕೊಳ್ಳಬೇಕು. ಹಸಿವಿನಿಂದ ಕಂಗೆಟ್ಟವನ ಬಾಯಿಂದ ಹೊರಡಿಸಿದ ವಿಶ್ವಾಸದ ಮಾತು ಹಸಿವಿನ ಮಾತೇ ಹೊರತು ವಿಶ್ವಾಸದ್ದಲ್ಲ. ಅವನಿಗೆ ಮೊದಲು ಅನ್ನ. ಅನ್ನಕ್ಕೆ ಪ್ರತಿಯಾಗಿ ಏನನ್ನೂ ಕೇಳಬಾರದು.

ಹಾಗಾದರೆ ನೊಂದವನಿಗೆ ಈ ಧರ್ಮ ಹೇಳುವುದು ಏನೂ ಇಲ್ಲವೆ? ಉಂಟು, ಅದು ನಂಬಿಕೆಯ ಮಾತು. ಹಬಕ್ಕೂಕನೆಂಬ ಪ್ರವಾದಿ ತನ್ನ ನಷ್ಟಗಳನ್ನು ರೈತನಂತೆ ಒಂದೊಂದಾಗಿ ಎಣಿಸುತ್ತಾನೆ: ಗಿಡದಲ್ಲಿ ಫಲವಿಲ್ಲ, ಹೊಲದಲ್ಲಿ ಬೆಳೆಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಎಲ್ಲವನ್ನೂ ಎಣಿಸಿ ಮುಗಿಸಿದ ಮೇಲೆಯೂ ದೇವರಲ್ಲಿ ಆನಂದಿಸುವೆನೆನ್ನುತ್ತಾನೆ. ನಷ್ಟವನ್ನು ಅವನು ಅಲ್ಲಗಳೆಯಲಿಲ್ಲ. ತಾನು ಕೈಬಿಟ್ಟುಹೋದವನೆಂದು ಒಪ್ಪಲಿಲ್ಲ, ಅಷ್ಟೆ. ಎರಡು ವರ್ಷ ಬೆಳೆ ಹೋದ ರೈತ ಮೂರನೆಯ ವರ್ಷ ಮೋಡವನ್ನು ಕಂಡು, ಹೊಟ್ಟೆಗೆ ಹಾಕಿಕೊಳ್ಳಬಹುದಾಗಿದ್ದ ಬಿತ್ತನೆಯ ರಾಗಿಯನ್ನು ಮಣ್ಣಿಗೆ ಚೆಲ್ಲುತ್ತಾನಲ್ಲ, ಆ ನಂಬಿಕೆ ಕೈಕಟ್ಟಿ ಕುಳಿತವರ ನಂಬಿಕೆಯಲ್ಲ. ಇದನ್ನು ಅವನಿಗೆ ಬೋಧಿಸುವ ಯೋಗ್ಯತೆ ನಗರವಾಸಿಗಳಾದ ನಮಗಿಲ್ಲ. ಅವನಿಂದ ಕಲಿಯುವ ಅಗತ್ಯ ಮಾತ್ರ ಇದೆ.

ಇದೆಲ್ಲ ಕಳೆದುಹೋದ ಕಾಲದ ಕಥೆಯೆಂದು ತಿಳಿಯಬಾರದು. 2020ರ ಮಹಾಮಾರಿಯಲ್ಲಿ ನಮ್ಮ ಮನೆಗಳನ್ನು ಕಟ್ಟಿದ ಕೂಲಿಗಾರರು ಹೆದ್ದಾರಿಗಳಲ್ಲಿ ಮಕ್ಕಳನ್ನು ಹೊತ್ತು ಊರಿಗೆ ನಡೆದರು. ನಾವು ಬಾಗಿಲು ಹಾಕಿಕೊಂಡು ಕುಳಿತಿದ್ದೆವು. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಸುತ್ತಣ ಹಳ್ಳಿಗಳ ನೀರು ಟ್ಯಾಂಕರುಗಳಲ್ಲಿ ನಮ್ಮ ಮನೆಗೆ ಬಂದಿತು. ಬೆಲೆ ಹೆಚ್ಚಾಯಿತೆಂದು ನಾವು ಗೊಣಗಿದೆವು. ಆ ಹಳ್ಳಿಯ ಬಾವಿ ಏನಾಯಿತೆಂದು ವಿಚಾರಿಸಲಿಲ್ಲ. ದೊಡ್ಡಬಳ್ಳಾಪುರದ ಕಡೆಯಿಂದ ಹರಿದು ಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಜಲಾಶಯದಿಂದ 1896ರಲ್ಲಿಯೇ ಈ ನಗರಕ್ಕೆ ನೀರು ಬಂದಿತ್ತು. ಆ ನದಿಯ ಇಂದಿನ ಗತಿಯನ್ನು ನೋಡಿದವರಿಗೆ ತಿರುಗಿಕೊಳ್ಳಿರೆಂಬ ಕರೆ ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ.

ಕೇಳುಗರಲ್ಲಿ ಬೇರೆ ಬೇರೆ ಮತದವರಿದ್ದೀರಿ. ಯಾರೂ ತಮ್ಮ ದೇವರ ಹೆಸರನ್ನು ಬದಲಾಯಿಸಬೇಕೆಂಬುದು ನಮ್ಮ ಉದ್ದೇಶವಲ್ಲ. ಮುಂದಿನ ಸಂಕಟ ಬಂದಾಗ, ಇದು ಯಾರ ಪಾಪದ ಫಲ ಎಂದು ಕೇಳುವ ಮೊದಲು, ನಮ್ಮ ಹಗೇವು ಮುಚ್ಚಿದೆಯೋ ತೆರೆದಿದೆಯೋ ಎಂದು ನೋಡಿಕೊಂಡರೆ ಸಾಕು. ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಎಲ್ಲಿಯೇ ಇರಲಿ, ಈ ಉತ್ತರ ಅವನನ್ನು ಮುಟ್ಟಲಿ.