ಹಳೆಯ ಕಾರಿನ ಬ್ಯಾಟರಿ

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ಅದನ್ನು ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದಿರುವ ಸಂಸಾರಗಳು ನಮ್ಮ ಊರುಗಳಲ್ಲಿ ಇನ್ನೂ ಉಂಟು. ಒಂದು ಬೆಳಗ್ಗೆ ಕೀಲಿ ತಿರುಗಿಸಿದಾಗ ಅದು ‘ಟಕ್’ ಎಂದು ಸುಮ್ಮನಾಯಿತೆನ್ನಿ, ಎಲ್ಲರ ಬಾಯಲ್ಲೂ ಒಂದೇ ತೀರ್ಪು: “ಬ್ಯಾಟರಿ ಹೋಯಿತು, ಹೊಸದು ಹಾಕಿಸಿ.” ಸಾವಿರಾರು ರೂಪಾಯಿ ತೆತ್ತು ಹೊಸದನ್ನು ತಂದದ್ದಾಯಿತು, ಹದಿನೈದು ದಿನಕ್ಕೆ ಅದೂ ಮಲಗಿತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಬ್ಯಾಟರಿ ಎಂಬುದು ಕಣಜ. ಕಣಜ ಕಾಳನ್ನು ಬೆಳೆಯುವುದಿಲ್ಲ, ಕೂಡಿಡುತ್ತದೆ. ಬೆಳೆದು ತಂದು ತುಂಬುವ ಕೆಲಸ ಡೈನಮೋದ್ದು; ಈಚಿನ ಗಾಡಿಗಳಲ್ಲಾದರೆ ಆಲ್ಟರ್ನೇಟರಿನದು. ಕಣಜ ಬರಿದಾಗಿದ್ದರೆ ಒಂದೋ ಅದೇ ಹಾಳಾಗಿರಬೇಕು, ಇಲ್ಲವೆ ತುಂಬುವವನು ಸೋತಿರಬೇಕು, ಅದೂ ಅಲ್ಲದಿದ್ದರೆ ಎಲ್ಲೋ ಇಲಿ ತಿನ್ನುತ್ತಿರಬೇಕು.

ಮೊದಲು ಕಣ್ಣಿನ ಪರೀಕ್ಷೆ. ಟರ್ಮಿನಲ್ಲುಗಳ ಮೇಲೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ವಿದ್ಯುತ್ತಿನ ದಾರಿಗೆ ಅಡ್ಡಿ. ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ಅಡುಗೆ ಸೋಡ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಒಣಗಿಸಿ, ಬಿಗಿಯಾಗಿ ಕೂರಿಸಬೇಕು. ಸೋಡ ನೀರು ಬ್ಯಾಟರಿಯ ಒಳಗೆ ಬೀಳಬಾರದು. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಸೀಸದ ಫಲಕಗಳು ಮುಳುಗಿರಬೇಕು. ದ್ರವ ಕಡಮೆಯಾಗಿದ್ದರೆ ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು, ನಲ್ಲಿಯ ನೀರನ್ನಲ್ಲ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಮಾರು ಅರ್ಧ ಅಂಗುಲ ಬಗ್ಗಿದರೆ ಸರಿ. ಜೋತುಬಿದ್ದಿದ್ದರೆ ಡೈನಮೋ ಸರಿಯಾಗಿ ತಿರುಗದು.

ಇನ್ನು ಮೀಟರಿನ ಸಾಕ್ಷ್ಯ. ರಾತ್ರಿಯೆಲ್ಲ ನಿಂತ 12 ವೋಲ್ಟಿನ ಬ್ಯಾಟರಿ ಬೆಳಗ್ಗೆ 12.6 ತೋರಿಸಿದರೆ ತುಂಬಿದೆಯೆಂದರ್ಥ. 12ಕ್ಕೆ ಇಳಿದಿದ್ದರೆ ಬಹುಪಾಲು ಬರಿದು. ಇಂಜಿನ್ ನಡೆಸಿ ವೇಗವನ್ನು ಸ್ವಲ್ಪ ಏರಿಸಿದಾಗ ಮುಳ್ಳು 14ರ ಆಸುಪಾಸಿಗೆ ಬರಬೇಕು. ಬಾರದಿದ್ದರೆ ತುಂಬುವವನಲ್ಲಿಯೇ ದೋಷ: ಕಾರ್ಬನ್ ಬ್ರಷ್ ಸವೆದಿರಬಹುದು, ರೆಗ್ಯುಲೇಟರ್ ಕೆಟ್ಟಿರಬಹುದು. 15ನ್ನು ದಾಟಿದರೂ ಅನರ್ಥವೇ. ಒಳಗಿನ ನೀರು ಬತ್ತಿ ಬ್ಯಾಟರಿ ಸಾಯುತ್ತದೆ. ಡೈನಮೋ ಇರುವ ಗಾಡಿಯಲ್ಲಿ ಇಂಜಿನ್ ನಿಧಾನವಾಗಿ ನಡೆಯುವಾಗ ಕೆಂಪು ದೀಪ ಮಿನುಗಿದರೆ ಗಾಬರಿ ಬೇಡ; ವೇಗ ಏರಿದ ಮೇಲೂ ಉರಿಯುತ್ತಿದ್ದರೆ ಮಾತ್ರ ದೋಷ.

ಇದೆಲ್ಲ ಸರಿಯಿದ್ದೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತದೆಯೆ? ಪೂರ್ತಿ ಚಾರ್ಜು ಮಾಡಿಸಿ, ತಂತಿ ಬಿಚ್ಚಿ ಒಂದು ರಾತ್ರಿ ಬಿಡಿ. ಆಗಲೂ ಇಳಿದರೆ ಬ್ಯಾಟರಿಯೇ ತಪ್ಪಿತಸ್ಥ. ಇಳಿಯದಿದ್ದರೆ ಇಲಿಯನ್ನು ಗಾಡಿಯಲ್ಲಿ ಹುಡುಕಿ. ಆರದೆ ಉಳಿದ ಡಿಕ್ಕಿಯ ದೀಪವೋ, ಸಿಪ್ಪೆ ಸುಲಿದ ತಂತಿಯೋ ಸಿಕ್ಕೀತು.

ಎರಡು ಎಚ್ಚರಿಕೆ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಅದರ ಬಳಿ ಬೀಡಿ, ಬೆಂಕಿಕಡ್ಡಿ ಸಲ್ಲದು. ಇಂಜಿನ್ ನಡೆಯುವಾಗ ಬ್ಯಾಟರಿಯ ತಂತಿ ಕಿತ್ತು ಪರೀಕ್ಷಿಸುವ ಹಳೆಯ ರೂಢಿಯನ್ನೂ ಬಿಡಬೇಕು. ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು.

ವಿಚಾರಣೆ ಮುಗಿದು ಬ್ಯಾಟರಿಯದೇ ತಪ್ಪೆಂದು ಸಿದ್ಧವಾದರೆ ಹೊಸದನ್ನು ಧಾರಾಳವಾಗಿ ಕೊಳ್ಳಿರಿ. ಹಳೆಯದನ್ನು ಹಿತ್ತಿಲಿಗೆ ಎಸೆಯದೆ ಅಂಗಡಿಗೇ ಹಿಂದಿರುಗಿಸಿರಿ. ಅದರೊಳಗಿನ ಸೀಸ ವಿಷ, ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಎಡೆ ಬೇಡ.